ಎರಡು ಸಲ ತಟ್ಟಿದ ಕೈ

ನಮ್ಮ ಉಸ್ತಾದರ ಕಿವಿಗಳಿಗೆ ಕಿವಿಯ ಆಕಾರವೇ ಇರಲಿಲ್ಲ. ಮಣ್ಣಿಗೂ ಎದುರಾಳಿಯ ತಲೆಗೂ ಉಜ್ಜಿ ಉಜ್ಜಿ ಎರಡೂ ಮುದುಡಿ, ಹಿಂಡಿ ಎಸೆದ ಹುಣಿಸೆಹಣ್ಣಿನಂತೆ ಗಂಟುಗಟ್ಟಿದ್ದವು. ಕುಸ್ತಿ ಕಲಿಯಲು ಬಂದವರಿಗೆ ಅವರು ಮೊದಲು ಮುಟ್ಟಿಸುತ್ತಿದ್ದುದು ಆ ಕಿವಿಯನ್ನೇ. "ಇಂಥದ್ದು ಬೇಕಾ? ಬೇಕು ಅಂದ್ರೆ ಲಂಗೋಟಿ ಕಟ್ಟು. ಬ್ಯಾಡ ಅಂದ್ರೆ ಮನೆಗೋಗಿ ಅವ್ವನ ಕೈತುತ್ತು ತಿನ್ಕಂಡು ಬಿದ್ದಿರು" ಎನ್ನುತ್ತಿದ್ದರು. ಧನಗೆರೆಯಿಂದ ಕೊಳ್ಳೇಗಾಲದ ಗರಡಿಗೆ ನಡೆದುಕೊಂಡು ಬಂದಿದ್ದ ನಾನು ಮುಟ್ಟಿ ನೋಡಿ, ಬೇಕು ಎಂದೆ. ಬುದ್ಧಿ ಇದ್ದವನು ಬೇಡ ಎನ್ನುತ್ತಿದ್ದ.

ಕೊಳ್ಳೇಗಾಲ ಆಗ ಮದರಾಸಿಗೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರು ಮಹಾರಾಜರದು. ಉಸ್ತಾದರ ಬಾಯಲ್ಲೂ ಎರಡು ಸೀಮೆ ಇತ್ತು. ಬೈಗುಳವೆಲ್ಲ ಕನ್ನಡ, ಪಾಠ ಮುಗಿಸುವ ಮಾತು ಮಾತ್ರ ತಮಿಳು: "ಪೋದುಂ." ಸಾಕು ಅಂತ. ಅವರು ಹಾಗೆಂದ ಮೇಲೆ ಇನ್ನೊಂದು ಪಟ್ಟು ಹೇಳಿಕೊಡಿ ಎನ್ನುವ ಗಂಡಸು ನಮ್ಮ ಗರಡಿಯಲ್ಲಿರಲಿಲ್ಲ.

ಅವರ ಹೊಟ್ಟೆ ತುಂಬುತ್ತಿದ್ದುದು ಕುಸ್ತಿಯಿಂದಲ್ಲ, ಕೀಲು ಕೂಡಿಸುವುದರಿಂದ. ಹನೂರು ಕಡೆಯಿಂದ ಗಾಡಿಯಲ್ಲಿ ಮಲಗಿಸಿಕೊಂಡು ಬರುತ್ತಿದ್ದರು. ಭುಜ ಜಾರಿದವನ ಕೈ ಹಿಡಿದು "ನಿಮ್ಮ ಕೆಂದಸು ಈದದಾ? ಕರ ಗಂಡೋ ಹೆಣ್ಣೋ?" ಎಂದು ಕೇಳುವರು. ಅವನು ಉತ್ತರಿಸಲು ಬಾಯಿ ತೆರೆಯುವಷ್ಟರಲ್ಲಿ ಎಳೆದು ಕೂರಿಸಿಬಿಟ್ಟಿರುವರು. ಆ ವಿದ್ಯೆಯನ್ನು ಅವರು ಕೊಟ್ಟದ್ದು ಇಡೀ ಗರಡಿಯಲ್ಲಿ ನನಗೊಬ್ಬನಿಗೆ.

ಅವರ ಪಾಠ ತಲೆಕೆಳಗು. ಹಿಡಿಯುವುದಕ್ಕೆ ಮೊದಲು ಬಿಡುವುದನ್ನು ಕಲಿಸುತ್ತಿದ್ದರು. ಕೆಳಗೆ ಸಿಕ್ಕಿಕೊಂಡವನು ಸೋತೆ ಎಂದು ನಮ್ಮ ಮೈಮೇಲೆ ಒಂದು ಸಲ ತಟ್ಟಿದರೆ ಮುಗಿಯಿತು, ಕೈ ತಾನಾಗಿ ತೆರೆದುಕೊಳ್ಳಬೇಕು. ಒಂದು ತಿಂಗಳು ಇದೇ. ಒಮ್ಮೆ ಒಬ್ಬ ತಡವಾಗಿ ಬಿಟ್ಟು "ಕೇಳ್ನಿಲ್ಲ ಸಾ" ಅಂದ. ಉಸ್ತಾದರು ತಮ್ಮ ಗಂಟುಗಿವಿ ಹಿಡಿದು ತೋರಿಸಿದರು. "ಈ ಕಿವಿ ಕಿವುಡಾಗಿ ಏಸು ವರ್ಸಾಯ್ತು? ನಾನು ಬುಡಕಿಲ್ವಾ? ಅದು ಕಿವೀಲಿ ಕೇಳೋದಲ್ಲ ಕಣ್ಲಾ, ಮೈಯಲ್ಲಿ ಕೇಳೋದು."

ವರ್ಷಕ್ಕೊಮ್ಮೆ ಗರಡಿಗೆ ಹೊಸ ಮಣ್ಣು. ಕೆರೆಯ ಮಣ್ಣನ್ನು ಜರಡಿ ಹಿಡಿದು, ಮಜ್ಜಿಗೆ, ಅರಿಶಿನ, ಎಣ್ಣೆ ಕಲಸಿ ಹರಡಿದ ದಿನ ಶಿಷ್ಯರೆಲ್ಲರೂ ಒಬ್ಬೊಬ್ಬರಾಗಿ ಉಸ್ತಾದರ ಜೊತೆ ಸೆಣಸಬೇಕು. ಊರ ಹಿರಿಯರು ಕೂತು ನೋಡುವರು, ಬಾಗಿಲಲ್ಲಿ ತಮಟೆಯವನು ಬಾರಿಸುವನು. ಯಾವ ವರ್ಷವೂ ಆ ದಿನ ಉಸ್ತಾದರು ಯಾರ ಕೈಗೂ ಸಿಕ್ಕಿ ತಟ್ಟಿದವರಲ್ಲ.

ನನ್ನ ನಾಲ್ಕನೆಯ ವರ್ಷ ಯಳಂದೂರಿನಿಂದ ಮೂವರು ಹಿರಿಯರು ಬಂದಿದ್ದರು. ನಮ್ಮಲ್ಲೊಬ್ಬನನ್ನು ಆರಿಸಿ ಮೈಸೂರಿನ ದೊಡ್ಡ ಗರಡಿಗೆ ಕರೆದೊಯ್ಯುವುದಿತ್ತು. ನನ್ನ ಸರದಿ ಬಂತು. ಹೇಗಾಯಿತೋ, ಉಸ್ತಾದರು ಮಗ್ಗುಲಾದಾಗ ಅವರ ಬಲಗೈ ನನಗೆ ಸಿಕ್ಕಿತು. ಬೆನ್ನಿನ ಮೇಲಕ್ಕೆ ಮಡಿಸಿ ತಿರುಚಿದೆ. ಅವರ ಎಡಗೈ ನನ್ನ ತೊಡೆಯ ಮೇಲೆ ಫಟ್ಟೆಂದು ಬಿತ್ತು.

ಬಿಡಬೇಕಾಗಿತ್ತು. ಆದರೆ ಆ ಕ್ಷಣದಲ್ಲಿ ಯಳಂದೂರಿನ ಹಿರಿಯರು ತಲೆ ತಗ್ಗಿಸಿ ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಿದ್ದರು. ಅಯ್ಯೋ, ಇವರು ನೋಡಲೇ ಇಲ್ಲವಲ್ಲ ಅನ್ನಿಸಿತು. ಇನ್ನೊಂದು ಸಲ ತಟ್ಟಲಿ, ನೋಡಲಿ ಎಂದು ಹಿಡಿತ ಬಿಗಿ ಮಾಡಿದೆ. ಉಸ್ತಾದರು ಎರಡನೆಯ ಸಲ ತಟ್ಟಿದರು. ಆ ತಟ್ಟಿನ ಜೊತೆಗೇ ಅವರ ಭುಜದಲ್ಲಿ ತೊಗರಿಕಡ್ಡಿ ಮುರಿದಂತೆ ಸದ್ದಾಯಿತು.

ತಮಟೆ ನಿಂತಿತು. ಉಸ್ತಾದರು ಎದ್ದು ಕೂತರು. ಕೈ ಜೋತಾಡುತ್ತಿತ್ತು. ಕೀಲು ಕೂಡಿಸಲು ಬರುತ್ತಿದ್ದವನು ನಾನೊಬ್ಬನೇ, ಹತ್ತಿರ ಹೋದೆ.

"ಮುಟ್ಬ್ಯಾಡ" ಅಂದರು. "ನಿನ್ ಕೈಗೆ ಬುಡೋದು ಗೊತ್ತಿಲ್ಲ."

"ತಮಟೆ ಸದ್ದಲ್ಲಿ ಕೇಳ್ನಿಲ್ಲ ಸಾ" ಅಂದೆ. ಎಲ್ಲರಿಗೂ ಕೇಳುವ ಹಾಗೆ ಅಂದೆ.

ಅವರು, ಏನೂ ತಿಳಿಯದ ಮತ್ತೊಬ್ಬ ಶಿಷ್ಯನನ್ನು ಕರೆದು, ಹೇಗೆ ಎಳೆಯಬೇಕೆಂದು ತಾವೇ ಹೇಳಿ ಎಳೆಸಿಕೊಂಡರು. ಅವನು ಎಳೆದದ್ದು ಕೆಟ್ಟಿತು. ಆ ಕೈ ಮತ್ತೆ ಮೇಲೇಳಲಿಲ್ಲ. ಒಂಟಿ ಕೈಯಲ್ಲಿ ಯಾರ ಕೀಲು ಕೂಡಿಸುವುದು? ಗಾಡಿಗಳು ಬರುವುದು ನಿಂತಿತು, ವರ್ಷದೊಳಗೆ ಗರಡಿಗೆ ಬೀಗ ಬಿತ್ತು, ಉಸ್ತಾದರು ಹನೂರಿನ ತಂಗಿಯ ಮನೆ ಸೇರಿದರು.

ನನಗೇನಾಯಿತು? ಯಳಂದೂರಿನವರು ಪೇಟ ಸುತ್ತಿ ಕರೆದೊಯ್ದರು. ಉಸ್ತಾದರನ್ನೇ ತಟ್ಟಿಸಿದವನು ಎಂದು ಹೆಸರಾಯಿತು. ಕೊಳ್ಳೇಗಾಲದ ಜನ ಬೈದದ್ದು ತಮಟೆಯವನನ್ನು. ಅವನನ್ನು ಊರ ಯಾವ ಕಾರ್ಯಕ್ಕೂ ಕರೆಯದೆ ಬಿಟ್ಟರು. ನಾನು ಮೈಸೂರಿನಲ್ಲಿ ಬಾದಾಮಿ ಹಾಲು ಕುಡಿದುಕೊಂಡು ಇದನ್ನೆಲ್ಲ ಕೇಳಿಸಿಕೊಂಡೆ.

ಐದು ವರ್ಷ ಕಳೆದು ಹನೂರಿಗೆ ಹೋದೆ. ಉಸ್ತಾದರು ಜಗುಲಿಯ ಮೇಲೆ ಎಡಗೈಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಕಾಲಿಗೆ ಬಿದ್ದೆ. ಅವರು ಮೊರ ಪಕ್ಕಕ್ಕಿಟ್ಟು ಬೆನ್ನು ತಿರುಗಿಸಿ ಕೂತರು.

"ಅವತ್ತು ಆಕಿದ್ದೆಯಲ್ಲ ಪಟ್ಟು, ಅದ್ನ ಈ ಕೈಗೆ ಆಕು."

"ಬ್ಯಾಡಿ ಸಾ."

"ಇಡಿ ಅಂದ್ರೆ ಇಡೀಲಾ."

ಅವರ ಎಡಗೈ ಹಿಡಿದು ಬೆನ್ನಿನ ಮೇಲಕ್ಕೆ ಮಡಿಸಿದೆ. ಆಚೆ ರಸ್ತೆಯಲ್ಲಿ ಸಂತೆಗೆ ಹೋಗುವ ಗಾಡಿಗಳ ಗಲಾಟೆ. ಆಗ ಅವರ ಸತ್ತ ಬಲಗೈಯ ಎರಡು ಬೆರಳು ನನ್ನ ಮೊಣಕಾಲಿಗೆ ಸೋಕಿದವು. ತಟ್ಟಿದ್ದಲ್ಲ, ಸೋಕಿದ್ದು. ನನ್ನ ಕೈ ತಟಕ್ಕನೆ ತೆರೆಯಿತು.

ಉಸ್ತಾದರು ತಿರುಗಿ ನೋಡಿದರು. "ಈಟು ಮೆತ್ತಗೆ ಮುಟ್ಟುದ್ರೂ ಕೇಳ್ತದಲ್ಲ ನಿಂಗೆ" ಅಂದರು. ಮತ್ತೆ ಮೊರ ಎಳೆದುಕೊಂಡರು. "ಪೋದುಂ. ಓಗು."

ಅದೇ ಕಡೆಯ ಪಾಠ. ಎರಡು ವರ್ಷಕ್ಕೆ ಸತ್ತ ಸುದ್ದಿ ಬಂತು. ಹನೂರಿಗೆ ಹೋದರೆ, ಅಂಗಳದ ಮೂಲೆಯಲ್ಲಿ ಒಣಹುಲ್ಲು ಉರಿಸಿ ತಮಟೆ ಕಾಯಿಸುತ್ತಿದ್ದವನು ಅವನೇ, ನಮ್ಮ ಗರಡಿಯ ತಮಟೆಯವನು. ಯಾರೂ ಕರೆಯದೆಯೇ ಕೊಳ್ಳೇಗಾಲದಿಂದ ನಡೆದುಕೊಂಡು ಬಂದಿದ್ದ. ನನಗೆ ತಡೆಯಲಾಗಲಿಲ್ಲ. ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು, "ಅವತ್ತು ನಿನ್ನ ತಮಟೆದು ತಪ್ಪಿರ್ಲಿಲ್ಲ. ಅವರು ತಟ್ಟಿದ್ದು ನಂಗೆ ಗೊತ್ತಾಗಿತ್ತು" ಎಂದೆ.

ಅವನು ತಮಟೆಯನ್ನು ಬೆಂಕಿಯಿಂದ ಎತ್ತಿ ಬೆರಳಿನಿಂದ ಬಡಿದು ನೋಡಿದ. "ಗೊತ್ತು ಬುಡಿ ಸಾ. ಅವತ್ತೇ ಸಂಜೆ ಉಸ್ತಾದ್ರು ಜೋತಾಡೋ ಕೈ ಇಡ್ಕಂಡು ನಮ್ ಕೇರಿಗೆ ಬಂದಿದ್ರು. ತಪ್ಪು ನಿಂದಲ್ಲ ಕಣಪ್ಪಾ, ಆದ್ರೂ ವಸಿ ದಿನ ಒತ್ಕ, ನಿಜ ಏಳುದ್ರೆ ಯಳಂದೂರೋರು ಆ ಉಡ್ಗನ್ನ ಬುಟ್ಟೋಯ್ತಾರೆ ಅಂದ್ರು."

"ನೀನು ಹೊತ್ತುಕೊಂಡೆಯಾ?"

"ಒತ್ಕಂಡೆ. ವಸಿ ದಿನ ಅಂದ್ರು, ನೀವೇ ಬಂದು ನಿಜ ಏಳ್ತೀರಿ ಅಂತಿದ್ರು" ಎಂದು ಅವನು ತಮಟೆಯನ್ನು ಮತ್ತೆ ಬೆಂಕಿಗೆ ಹಿಡಿದ.