ಅವ್ವನ ಆರು ದಿನದ ಮುಯ್ಯಾಳು

ನಂಜನಗೂಡಿನ ಗಾರ್ಮೆಂಟ್ಸಿನಲ್ಲಿ ಶಿಫ್ಟ್ ಮುಗಿಸಿ, ಟಿ. ನರಸೀಪುರದಲ್ಲಿ ಬಸ್ಸು ಬದಲಿಸಿ, ಮೂಗೂರಿನ ಮನೆ ಸೇರುವಷ್ಟರಲ್ಲಿ ನನಗೆ ಮಾತಾಡಲೂ ತ್ರಾಣವಿರುವುದಿಲ್ಲ. ಅಂಥದ್ದರಲ್ಲಿ ಒಂದು ಸಂಜೆ ಫ್ಯಾಕ್ಟರಿಯವರು ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಉಳಿತಾಯದ ಕ್ಲಾಸು ಮಾಡಿದರು. ಹೂಡಿದ್ದೆಷ್ಟು, ವಾಪಸ್ ಬಂದದ್ದೆಷ್ಟು, ಇವೆರಡನ್ನು ನೋಡದೆ ಯಾವುದಕ್ಕೂ ಕೈಹಾಕಬೇಡಿ ಎಂದರು. ಹೂಡಲು ನಮ್ಮ ಹತ್ತಿರ ಏನಿದೆ ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಬಸ್ಸಿನ ಚಿಂತೆ.

ಆದರೂ ಆ ಮಾತು ತಲೆಗೆ ಹೊಕ್ಕಿತು. ನಮ್ಮ ಅರ್ಧ ಎಕರೆ ಗದ್ದೆಯ ಲೆಕ್ಕ ಹಾಕಿದೆ. ಟ್ರ್ಯಾಕ್ಟರು, ಗೊಬ್ಬರ, ಕಟಾವು ಕಳೆದರೆ ಏನೂ ಮಿಗುತ್ತಿರಲಿಲ್ಲ. ಅವ್ವನನ್ನು ಒಂದು ಮಾತೂ ಕೇಳದೆ ಗದ್ದೆಯನ್ನು ಗುತ್ತಿಗೆಗೆ ಕೊಟ್ಟೆ. ಭಾರೀ ಬುದ್ಧಿವಂತೆ ನಾನು!

ಅವ್ವ ಬಯ್ಯಲಿಲ್ಲ. "ಆರು ಮನೆಗೆ ಮುಯ್ಯಾಳು ಓಗಿವ್ನಿ ಕಣವ್ವ. ನಮ್ ಗದ್ದೆನೇ ಇಲ್ದೆ ಅವ್ರು ಬರೋದೆಲ್ಲಿಗೆ?" ಎಂದಳು, ಅಷ್ಟೆ. ಮುಯ್ಯಾಳೆಂದರೆ ಇವತ್ತು ನಿನ್ನ ನಾಟಿಗೆ ನಾನು, ನಾಳೆ ನನ್ನ ನಾಟಿಗೆ ನೀನು. ಕೂಲಿಯಿಲ್ಲ, ಆಳಿಗೆ ಆಳು. ಮನೆಗೊಂದರಂತೆ ಅವಳು ಸೊಂಟ ಬಗ್ಗಿಸಿದ ಆ ಆರು ದಿನ ನನ್ನ ಲೆಕ್ಕದಲ್ಲಿ ಇರಲೇ ಇಲ್ಲ.

ಮುಂದಿನ ನಾಟಿಗೆ ಅವಳನ್ನು ಯಾರೂ ಕರೆಯಲಿಲ್ಲ. ಅವರಿಗೆ ಹಳೆಯದನ್ನೇ ತೀರಿಸಲು ದಾರಿಯಿಲ್ಲ, ಮತ್ತೆ ಯಾವ ಬಾಯಲ್ಲಿ ಕರೆದಾರು? ಅವ್ವ ಜಗಲಿಯಲ್ಲಿ ಕೂತು, ಅವರೆಲ್ಲ ಗದ್ದೆಗೆ ಹೋಗುವುದನ್ನು ನೋಡುತ್ತಿದ್ದಳು. ನನಗೆ ನಾಚಿಕೆಯಾಯಿತು.

ಆ ವರ್ಷವೇ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ರಜೆ ಕೇಳಿದರೆ ಎರಡೇ ದಿನ ಕೊಟ್ಟರು. ಮೂರನೆಯ ಬೆಳಿಗ್ಗೆ, ಇವಳನ್ನು ಯಾರ ಕೈಗೆ ಬಿಟ್ಟು ಹೋಗಲಿ ಎಂದು ನಿಂತಿದ್ದಾಗ ಆ ಆರು ಮನೆಯವರಲ್ಲಿ ಒಬ್ಬಾಕೆ ಬಂದಳು.

"ಇವತ್ತು ನನ್ ಆಳು. ನೀ ಓಗು, ಬಸ್ಸು ತಪ್ತದೆ."

ದಿನಕ್ಕೊಬ್ಬರಂತೆ ಆರು ಮನೆಯವರೂ ಬಂದರು. ಅವ್ವನನ್ನು ಎತ್ತಿ ಕೂರಿಸಿದರು, ಮೈ ಒರೆಸಿದರು, ಉಣ್ಣಿಸಿದರು. ಆರು ದಿನ ಮುಗಿದ ಮೇಲೆ ಕೆಲಸ ಬಿಡುವುದೇ ಸರಿ ಎಂದುಕೊಂಡೆ. ಏಳನೆಯ ಬೆಳಿಗ್ಗೆ, ಮೊದಲ ದಿನ ಬಂದಾಕೆಯೇ ಮತ್ತೆ ಬಾಗಿಲಲ್ಲಿ.

"ನಿಮ್ದು ಮುಗೀತಲ್ಲಕ್ಕ?" ಎಂದೆ.

"ನಿಮ್ಮವ್ವಂದು ಮುಗೀತು. ಇವತ್ತಿಂದು ನಿನ್ ಮುಯ್ಯಿ. ಬರೋ ತಿಂಗ್ಳು ನನ್ ಮಗ್ಳು ಎರಿಗೆ ಅದೆ, ಒಂದಿನ ಬಂದು ಜೊತೇಲಿರು."

ಬತ್ತೀನಿ ಎಂದುಬಿಟ್ಟೆ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು, ಒಂದು ಬಿಡುವಿನ ದಿನಕ್ಕಾಗಿ ಬರುವ ತಿಂಗಳನ್ನೆಲ್ಲ ಹುಡುಕಿದೆ. ಭಾನುವಾರಗಳನ್ನೂ ಅವ್ವನ ಔಷಧಿಗೆಂದು ಓವರ್‌ಟೈಮಿಗೆ ಬರೆಸಿಯಾಗಿತ್ತು. ಕೊಡಲು ನನ್ನದೆಂಬ ಒಂದು ದಿನವೂ ಇರಲಿಲ್ಲ.