ಕುದುರೆ ಇಲ್ಲದ ಜಟಕಾ

ಹೋದ ವಾರ ಲಿಂಗಸುಗೂರಿನಲ್ಲಿ ಒಂದು ಕುದುರೆಗಾಡಿ ನಮ್ಮ ಮಾವನ ಪ್ರಾಣಕ್ಕೇ ಬಂದಿತ್ತು. ತಮಾಷೆ ಏನೆಂದರೆ, ಅಲ್ಲಿ ಗಾಡಿ ಇರಲಿಲ್ಲ. ಕುದುರೆಯೂ ಇರಲಿಲ್ಲ. ಈ ಸುದ್ದಿ ನಿಮಗೆ ಹೇಳುವವರೆಗೂ ನನಗೆ ಊಟ ಸೇರುವುದಿಲ್ಲ, ಕೇಳಿಬಿಡಿ.

ಮಾವ ಎಂದರೆ ತುರ್ವಿಹಾಳದ ಶರಣಪ್ಪ, ನಮ್ಮ ಅಕ್ಕ ಬಸಮ್ಮನ ಗಂಡ. ಜೋಳದ ಚೀಲವನ್ನು ಒಬ್ಬರೇ ಹೆಗಲಿಗೆ ಏರಿಸುವ ಆಸಾಮಿ. ಅಂಥವರು ಮೂತ್ರಪಿಂಡದ ಕಲ್ಲಿನ ನೋವಿಗೆ ಅಂಗಳದಲ್ಲಿ ಬಿದ್ದು ಹೊರಳಾಡಿದರು. ಗಾಡಿ ಕಟ್ಟಿ, ಬಸ್ಸು ಹತ್ತಿಸಿ ಲಿಂಗಸುಗೂರಿಗೆ ಒಯ್ದರು.

ಅಲ್ಲಿ ಮೈಸೂರು ಕಡೆಯ ಡಾಕ್ಟರೊಬ್ಬರು ಹೊಸದಾಗಿ ಸಣ್ಣ ದವಾಖಾನೆ ಇಟ್ಟಿದ್ದಾರೆ. ಕಾಂಪೌಂಡರನನ್ನೂ ಊರಿಂದಲೇ ಕರೆತಂದಿದ್ದಾರೆ. ಒಳ್ಳೆಯ ಡಾಕ್ಟರು, ಸುಳ್ಳೇಕೆ ಹೇಳಲಿ? ಪೆಥಿಡಿನ್ ಎಂಬ ಇಂಜೆಕ್ಷನ್ ಕೊಟ್ಟರು. ಅಫೀಮಿನ ಬಳಗದ್ದೇ, ಆದರೆ ಗಿಡದಿಂದ ಇಳಿಸಿದ್ದಲ್ಲ, ಕಾರ್ಖಾನೆಯಲ್ಲಿ ಮಾಡಿದ್ದು. ಏನು ಮಹಿಮೆ ಅಂತೀರಿ! ಸ್ವಲ್ಪ ಹೊತ್ತಿಗೆ ಮಾವ ಎದ್ದು ಕೂತು ಚಹಾ ಕೇಳಿದರಂತೆ.

ನೋವು ಮತ್ತೆ ಬಂತು. ಮತ್ತೆ ಇಂಜೆಕ್ಷನ್. ಮತ್ತೆ ನೋವು, ಮತ್ತೆ ಇಂಜೆಕ್ಷನ್. ಕಲ್ಲು ಮಾತ್ರ ಕೂತಲ್ಲೇ ಕೂತಿತ್ತು. ಮೂತ್ರವೂ ಸರಿಯಾಗಿ ಆಗುತ್ತಿರಲಿಲ್ಲ.

ಸುದ್ದಿ ತಿಳಿದು ನಾನು ಸಿಂಧನೂರಿನಿಂದ ಹೊರಟವನು ಮಸ್ಕಿಯಲ್ಲಿ ಬಸ್ಸು ಕೆಟ್ಟು (ಮಸ್ಕಿಗೂ ಬಸ್ಸಿನ ಇಂಜಿನ್ನಿಗೂ ಏನು ಋಣವೋ ಕಾಣೆ) ಮಧ್ಯಾಹ್ನ ಹೋಗಿ ಮುಟ್ಟಿದೆ. ಅಕ್ಕ ಬಾಗಿಲಲ್ಲೇ ಸಿಕ್ಕಳು.

“ಅಕ್ಕಾ, ಮಾವ ಹೆಂಗದಾರ?”

“ನೋವು ಇಲ್ಲ ತಮ್ಮಾ. ಆದ್ರ ಮುಂಜಾನಿಂದ ಝಟಕಾ ಬರಾಕತ್ತಾವ. ಕೈ ತಾನಾಗೇ ಹಾರತೈತಿ, ತುಟಿ ಅದರತೈತಿ. ಚಹಾ ಮೈಮ್ಯಾಲೆ ಚೆಲ್ಲಿಕೊಂಡಾರ.”

“ಡಾಕ್ಟರ್‌ಗೆ ಹೇಳಿಲ್ಲೇನು?”

“ಹೇಳೀನಿ. ಇವತ್ತ ಬ್ಯಾಡಮ್ಮ, ಬಂದ್ರ ಹೊರಗ ನಿಂದ್ರಲಿ ಅಂದಾರ. ಭಾಳ ಗಟ್ಟಿ ಡಾಕ್ಟರ್ ನೋಡಪ್ಪ. ಝಟಕಾನೇ ಹೊರಗ ನಿಂದ್ರಸ್ತಾರ.”

ಝಟಕಾ ಹೊರಗೆ ನಿಲ್ಲುವುದೇ? ಕರೆದರೆ ಒಳಗೆ ಬರಲು ಅದೇನು ಬೀಗರೇ? ನನಗೆ ತಲೆಬುಡ ತಿಳಿಯಲಿಲ್ಲ. ನೇರ ಡಾಕ್ಟರ ಕೋಣೆಗೆ ನುಗ್ಗಿ, ಬಸಮ್ಮನ ತಮ್ಮ ನಾನು ಎಂದೆ. ಕಾಂಪೌಂಡರ್ ಮಾವನಿಗೆಂದೇ ಮುಂದಿನ ಇಂಜೆಕ್ಷನ್ ತುಂಬುತ್ತಿದ್ದ.

“ಬನ್ನಿ, ಒಳ್ಳೇ ಸಮಯಕ್ಕೆ ಬಂದ್ರಿ” ಎಂದರು ಡಾಕ್ಟರು. “ನಿಮ್ಮ ಅಕ್ಕನಿಗೆ ಸ್ವಲ್ಪ ಬುದ್ಧಿ ಹೇಳಿ. ಬೆಳಿಗ್ಗೆಯಿಂದ ಇವರಿಗೆ ಜಟಕಾ, ಇವರಿಗೆ ಜಟಕಾ ಅಂತಿದ್ದಾರೆ. ಈ ಸ್ಥಿತಿಯಲ್ಲಿ ರೋಗಿಯನ್ನ ಗಾಡಿಯಲ್ಲಿ ಕುಲುಕಿಸಿಕೊಂಡು ಊರಿಗೆ ಕರಕೊಂಡು ಹೋಗ್ತಾರೇನ್ರಿ?”

ಆಗ ಹೊಳೆಯಿತು. ನಮ್ಮ ಕಡೆ ಕುದುರೆಗಾಡಿ ಎಂದರೆ ಟಾಂಗಾ. ಮೈಸೂರಿನವರಿಗೆ ಅದು ಜಟಕಾ. ನಮ್ಮಲ್ಲಿ ಝಟಕಾ ಎಂದರೆ ಉರ್ದುವಿನಿಂದ ಬಂದ ಮಾತು, ಮೈ ಕೊಸರುವುದು. ಅಕ್ಕ ಬೆಳಗಿನಿಂದ ಒಂದು ಹೇಳುತ್ತಿದ್ದಳು, ಡಾಕ್ಟರು ಇನ್ನೊಂದು ಕೇಳುತ್ತಿದ್ದರು. ಇಬ್ಬರದೂ ಅಚ್ಚ ಕನ್ನಡ!

ನನಗೆ ಮೊದಲು ನಗು ಬಂತು, ಹಿಂದೆಯೇ ಬೆವರು ಬಂತು. ಬಾಯಿಮಾತಿನ ಮೇಲೆ ನಂಬಿಕೆ ಉಳಿದಿರಲಿಲ್ಲ. ಡಾಕ್ಟರ ಎದುರು ನಿಂತು ಕೈಕಾಲು ಕೊಸರಿ, ತುಟಿ ಅದುರಿಸಿ ತೋರಿಸಿದೆ. ಕಾಂಪೌಂಡರ್ ನನಗೇ ಏನೋ ಆಯಿತೆಂದು ಓಡಿಬಂದು ಹಿಡಿದುಕೊಂಡ.

“ಆ ಇಂಜೆಕ್ಷನ್ ಕೊಡಬೇಡ” ಎಂದವರೇ ಡಾಕ್ಟರು ಓಡಿದರು.

ನಾವು ಮಂಚದ ಹತ್ತಿರ ಹೋಗುವಷ್ಟರಲ್ಲಿ ಮಾವನ ಕಣ್ಣು ಮೇಲಕ್ಕೆ ಹೋಗಿ, ಮೈಯೆಲ್ಲ ಸೆಟೆದು ಬಡಿದುಕೊಳ್ಳತೊಡಗಿತು. ಅಕ್ಕ ಕೀಲಿಕೈ ಗೊಂಚಲನ್ನು ಗಂಡನ ಮುಷ್ಟಿಗೆ ಒತ್ತಿದಳು. ಪಕ್ಕದ ಮಂಚದವರು ಮೂಗಿಗೆ ಹಿಡಿಯಲು ಉಳ್ಳಾಗಡ್ಡಿ ಜಜ್ಜಿ ತಂದರು. ಡಾಕ್ಟರು ಅವರನ್ನೆಲ್ಲ ಸರಿಸಿ, ಮಾವನನ್ನು ಮಗ್ಗುಲಿಗೆ ಹೊರಳಿಸಿ, “ಬಾಯಿಗೆ ಏನೂ ತುರುಕಬೇಡಿ” ಎಂದರು. ಸ್ವಲ್ಪ ಹೊತ್ತಿಗೆ ನಿಂತಿತು. ಆ ಸ್ವಲ್ಪ ಹೊತ್ತು ಅಕ್ಕನ ಮುಖ ನೋಡಲಾಗದೆ ನಾನು ಅತ್ತುಬಿಟ್ಟೆ.

ಆಮೇಲೆ ಕೇಳಿದೆ. ಅಫೀಮು ತಿಂದವರು ತೂಕಡಿಸುವುದನ್ನು ನೋಡಿದ್ದೇನೆ. ಅದರ ಬಳಗದ ಔಷಧಿಯಿಂದ ಫಿಟ್ಸ್ ಬರುವುದುಂಟೇ?

“ಉಂಟು” ಎಂದರು ಡಾಕ್ಟರು. “ಹೆಚ್ಚಾಗಿ ಮಂಪರು ಬರುತ್ತೆ, ಉಸಿರು ನಿಧಾನವಾಗುತ್ತೆ. ನಾನೂ ಅದು ಬರುತ್ತಾ ಅಂತಲೇ ನೋಡ್ತಿದ್ದೆ. ಆದರೆ ಪೆಥಿಡಿನ್ ಮೇಲಿಂದ ಮೇಲೆ ಕೊಟ್ಟಾಗ ಕೆಲವರಿಗೆ ನಡುಕ, ಮೈ ಕೊಸರೋದು, ಆಮೇಲೆ ಫಿಟ್ಸೂ ಬರಬಹುದು. ಮೂತ್ರ ಸರಿಯಾಗಿ ಹೋಗದಿದ್ದರೆ ಅಪಾಯ ಇನ್ನೂ ಜಾಸ್ತಿ. ಅಪರೂಪ, ಆದರೆ ಇಲ್ಲ ಅನ್ನೋ ಹಾಗಿಲ್ಲ. ನಿಮ್ಮ ಅಕ್ಕ ಮುಂಚೆಯೇ ಹೇಳಿದ್ದರು. ನಾನು ಎದ್ದು ಹೋಗಿ ನೋಡಬೇಕಿತ್ತು. ಇನ್ನೊಂದು ಚುಚ್ಚಿದ್ದರೆ…”

ನೋಡಿ, ಕನ್ನಡಿಗರೆಲ್ಲ ಒಂದೇ ರಾಜ್ಯವಾಗಬೇಕೆಂದು ಸಭೆ ನಡೆದಲ್ಲೆಲ್ಲ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆಯುವವನು ನಾನು. ಈಗಲೂ ಹೊಡೆಯುತ್ತೇನೆ. ಒಂದಾಗೋಣ ಸ್ವಾಮಿ. ಆದರೆ ಅಲ್ಲಿಯವರೆಗೆ ಡಾಕ್ಟರ ಮುಂದೆ ಒಂದೇ ಪದ ಹೇಳಿ ಸುಮ್ಮನಾಗಬೇಡಿ. ನೋವು ಹೋಯಿತೆಂಬ ಖುಷಿಯಲ್ಲಿ ಉಳಿದದ್ದನ್ನು ನುಂಗಬೇಡಿ. ಮಾತು ಮುಟ್ಟದಿದ್ದರೆ ಕುಣಿದು ತೋರಿಸಿ. ನಾಚಿಕೆ ಯಾತಕ್ಕೆ?

ಆ ಇಂಜೆಕ್ಷನ್ ನಿಂತ ಮೇಲೆ ಕೊಸರುವುದೂ ನಿಂತಿತು. ಕಲ್ಲು ತಾನಾಗಿ ಬಿದ್ದುಹೋಯಿತು. (ಅಕ್ಕನ ಪ್ರಕಾರ ಎಲ್ಲವೂ ಕೀಲಿಕೈ ಮಹಿಮೆ.) ಮಾವ ತಾವೇ ರುಮಾಲು ಸುತ್ತಿಕೊಂಡು ಊರಿಗೆ ಹೊರಟು ಕೂತರು. ಬಸ್‌ಸ್ಟ್ಯಾಂಡಿನವರೆಗೆ ಮಾವ ನಡೆಯುವುದು ಬೇಡವೆಂದು ಡಾಕ್ಟರು ಏನೋ ಏರ್ಪಾಡು ಮಾಡಿದ್ದರು.

ಕಾಂಪೌಂಡರ್ ಬಾಗಿಲಲ್ಲಿ ಇಣುಕಿ, “ಅಮ್ಮಾ, ನಿಮ್ಮ ಯಜಮಾನ್ರಿಗೆ ಜಟಕಾ ಬಂತು” ಎಂದ.

ಅಕ್ಕ ಎರಡೂ ಕೈಯಿಂದ ಗಂಡನನ್ನು ಗಟ್ಟಿಯಾಗಿ ಹಿಡಿದುಕೊಂಡು ಕೇಳಿದಳು: “ಅದಕ್ಕ ಕುದುರಿ ಐತೇನಪ್ಪಾ?”