ನರ್ಸಮ್ಮ ತಂದ ಹೆರಿಗೆಯ ಗೊಂಬೆ

ನರ್ಸಮ್ಮನ ಪಾಠವನ್ನು ಅಕ್ಕ ಪೂರ್ತಿ ನೋಡಲು ನಾನು ಬಿಡಲಿಲ್ಲ. ಪಕ್ಕದಲ್ಲಿ ಸುಮ್ಮನೆ ಕೂತಿದ್ದರೆ ಸಾಕಿತ್ತು. ಅದೂ ನನ್ನಿಂದಾಗಲಿಲ್ಲ.

ಎಂಬತ್ತರ ದಶಕದ ಶುರು. ಮೂಡಿಗೆರೆ ಕಡೆಯ ಎಸ್ಟೇಟೊಂದರಲ್ಲಿ ಇಬ್ಬರೂ ಕಾಫಿಹಣ್ಣು ಕೊಯ್ಯುತ್ತಿದ್ದೆವು. ಅಕ್ಕ ತುಂಬಿದ ಬಸುರಿ, ಚೊಚ್ಚಲು. ಒಂದು ದಿನ ಸರ್ಕಾರಿ ನರ್ಸಮ್ಮ ಬಂದು, ಮೇಸ್ತ್ರಿಯನ್ನು ಆಚೆ ಕಳಿಸಿ, ಹೆಂಗಸರನ್ನೆಲ್ಲ ಗೋಡೌನಿನಲ್ಲಿ ಕೂರಿಸಿದರು. ಚೀಲದಿಂದ ಒಂದು ಹೆಣ್ಣಿನ ಮೈ ತೆಗೆದು ಮೇಜಿನ ಮೇಲಿಟ್ಟರು. ತಲೆಯಿಲ್ಲ, ಕೈಯಿಲ್ಲ, ತೊಡೆ ಅರ್ಧಕ್ಕೇ ಮುಗಿದಿತ್ತು. ಹೊಟ್ಟೆಯ ಮುಚ್ಚಳ ತೆಗೆದರೆ ಒಳಗೆ ತಲೆಕೆಳಗಾಗಿ ರಬ್ಬರಿನ ಮಗು.

ಬಸುರಿಯ ಕಣ್ಣಿಗೆ ಅಂಗ ಊನವಾದದ್ದು ಬಿದ್ದರೆ ಮಗುವೂ ಹಾಗೇ ಹುಟ್ಟುತ್ತದೆಂದು ನಮ್ಮಲ್ಲಿ ನಂಬಿಕೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಬೇರೆ ಏನು ಗೊತ್ತಿತ್ತು? ಸೆರಗಿನಿಂದ ಅಕ್ಕನ ಕಣ್ಣು ಮುಚ್ಚಿ ಎಬ್ಬಿಸಿದೆ.

"ಬಿಡೇ, ನಾನು ನೋಡ್ಬೇಕು," ಅಂದಳು ಅಕ್ಕ.

"ಬೇಡ, ಬಾ!"

ಹಿಂದಿನಿಂದ ಯಾರೋ, "ಬಸುರಾಗುವಾಗ ಇಲ್ಲದ ನಾಚಿಕೆ ಈಗ್ಯಾಕೆ ಮಾರಾಯ್ತಿ?" ಅಂದು ಎಲ್ಲರನ್ನೂ ನಗಿಸಿದಳು.

"ಮುಖ್ಯವಾದ್ದು ಇನ್ನು ಮುಂದಿದೆ, ಕೂತ್ಕೊಳ್ಳಿ," ಎಂದು ನರ್ಸಮ್ಮ ಕೂಗಿದರು. ನಾನು ನಿಲ್ಲಲಿಲ್ಲ.

ಕೆಲವು ವಾರಗಳ ಮೇಲೆ, ಹಣ್ಣು ಕೊಯ್ಯುತ್ತಿದ್ದಾಗಲೇ ಅಕ್ಕನ ಸೀರೆ ಒದ್ದೆಯಾಯಿತು. ನೋವಿಲ್ಲ. ಉಚ್ಚೆ ತಡೆಯಲಾಗಲಿಲ್ಲವೆಂದುಕೊಂಡು ಅವಳಿಗೆ ಅವಮಾನ. "ಯಾರಿಗೂ ಹೇಳ್ಬೇಡ," ಅಂದಳು. ಹೇಳಲಿಲ್ಲ. ಸೀರೆ ಒಗೆದು ಹರವಿದೆ. ಮಾರನೆಯ ದಿನವೂ ಕೆಲಸಕ್ಕೆ ಹೋದೆವು. ಆಮೇಲೆ ಚಳಿಜ್ವರ ಹಿಡಿಯಿತು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮಗು ಹೊಟ್ಟೆಯಲ್ಲೇ ಹೋಗಿತ್ತು. ಹೆಣ್ಣು. ಕೈಕಾಲೆಲ್ಲ ಸರಿಯಾಗಿಯೇ ಇದ್ದವು.

ಅಕ್ಕ ಆಸ್ಪತ್ರೆಯಿಂದ ಬಂದ ಮೇಲೆ ನೋಡಲು ಬಂದ ಪಕ್ಕದ ಮನೆಯವಳು ಅಂದಳು: "ನೋವು ಬರ್ದೆ ನೀರು ಹೋದ್ರೂ ಕೂಡ್ಲೇ ಆಸ್ಪತ್ರೆಗೆ ಬರ್ಬೇಕು ಅಂತ ನರ್ಸಮ್ಮ ಹೇಳಿದ್ರಲ್ಲ. ಗೊಂಬೆಯಿಂದ ನೀರು ಬಿಟ್ಟೇ ತೋರಿಸಿದ್ರು. ನೀವು ಇರ್ಲಿಲ್ವಾ?"

ಅಕ್ಕ ನನ್ನ ಮುಖ ನೋಡಿದಳು. ನಾನು ಒಲೆ ಊದುವವಳ ಹಾಗೆ ಆ ಕಡೆ ತಿರುಗಿ ಕೂತೆ.

ಆ ಮಾತನ್ನು ಮತ್ತೆ ಇಬ್ಬರೂ ಎತ್ತಲಿಲ್ಲ. ಮುಂದೆ ನಾನು ಬಸುರಾಗಿ, ನೋವಿಲ್ಲದೆ ನೀರು ಹೋದಾಗ, ಅಕ್ಕ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಬರಿಗಾಲಲ್ಲಿ ಓಡಿ ಲೆಕ್ಕ ಬರೆಯುವ ರೈಟರಿಗೆ ಹೇಳಿ ಎಸ್ಟೇಟಿನ ಜೀಪು ತರಿಸಿದಳು. ತಿರುವುಗಳಲ್ಲಿ ನಾನು ಜಾರದಂತೆ ತಬ್ಬಿ ಹಿಡಿದು, "ಹೆದರ್ಬೇಡ, ಹೊತ್ತಿಗೆ ಸರಿಯಾಗಿ ಹೋಗ್ತಿದೀವಿ," ಅಂದಳು.

ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ಅವತ್ತು ನಿನ್ನ ಎಳ್ಕೊಂಡು ಬಂದವಳು ನಾನು. ನಿನ್ನ ಮಗು ಹೋಗಿದ್ದು ನನ್ನಿಂದ. ನಂದು ತಪ್ಪಾಯ್ತು, ಅಕ್ಕಾ."